ಬಾಗದ ಭಾವ

ವಿಶೇಷಣಗಳು ದೊಡ್ಡ ಮನುಷ್ಯರ ಆಸ್ತಿ. ನಮ್ಮಂಥವರಿಗೆ ಹೆಸರೊಂದು, ಅಡ್ಡಹೆಸರೊಂದು ಇದ್ದರೆ ಸಾಕು, ಹೇಗೋ ಕಾಲ ಕಳೆದುಹೋಗುತ್ತದೆ. ಸಾಂತಾ ಬ್ರಿಹಿದಾ ಎಂಬ ನಮ್ಮ ಗುಡ್ಡದ ಪೇಟೆಯಲ್ಲಿ ಮೇಯರಿಗೆ ‘ಘನತೆವೆತ್ತ’, ಪಾದ್ರಿಗಳಿಗೆ ‘ಪೂಜ್ಯ’, ಸತ್ತವರಿಗೆ ‘ಮರೆಯಲಾಗದ’ ಎಂದು ಎಂದೋ ಹಂಚಿಕೆಯಾಗಿ, ಉಳಿದವರೆಲ್ಲ ವಿಶೇಷಣವಿಲ್ಲದೆ ನೆಮ್ಮದಿಯಾಗಿದ್ದೆವು. ಅಂಥ ಊರಿನಲ್ಲಿ ನನ್ನ ಅಕ್ಕನ ಗಂಡ ಲಿಬಾರ್ದೊ ಮುನ್ಯೋಸರ ತಲೆಯ ಮೇಲೆ, ಅವರು ಕೇಳದೆಯೇ, ಒಂದು ವಿಶೇಷಣ ಬಂದು ಬಿತ್ತು. ಅದು ಹೆಂಚಾಗಿದ್ದರೆ ನನ್ನ ಔಷಧದಂಗಡಿಯಲ್ಲಿ ಪಟ್ಟಿ ಕಟ್ಟಿ ಕಳಿಸುತ್ತಿದ್ದೆ.

ಭಾವ ನಮ್ಮ ಸಂತೆಕಟ್ಟೆಯ ತೂಕ ಮತ್ತು ಅಳತೆಯ ಇನ್‌ಸ್ಪೆಕ್ಟರು. ತಕ್ಕಡಿ ಸರಿಯಿದೆಯೇ, ಬಟ್ಟು ಸರಿಯಿದೆಯೇ ಎಂದು ನೋಡುವುದು ಅವರ ಕೆಲಸ. ನೋಡುತ್ತಲೂ ಇದ್ದರು. ನೋಡಿದ ಮೇಲೆ ಏನಾದರೂ ಮಾಡುವುದು ಮಾತ್ರ ಅವರ ಕೈಲಾಗುತ್ತಿರಲಿಲ್ಲ. ಕಟುಕ ಫಿದೆಲೀನೊ, “ದೊನ್ ಲಿಬಾರ್ದೊ, ಮಗಳಿಗೆ ನೆಗಡಿ” ಎಂದರೆ ಸಾಕು, ಭಾವ ತಕ್ಕಡಿಗೆ ಬೆನ್ನು ತಿರುಗಿಸಿ ಮಗಳ ನೆಗಡಿಯ ಬಗ್ಗೆ ವಿಚಾರಿಸುತ್ತಿದ್ದರು. ಆಲೂಗಡ್ಡೆಯವಳು ಕಣ್ಣೊರೆಸಿಕೊಂಡರೆ ಇವರೂ ಒರೆಸಿಕೊಳ್ಳುತ್ತಿದ್ದರು. ಎದುರು ಬಂದವರಿಗೆಲ್ಲ ಸೊಂಟ ಬಗ್ಗಿಸಿ ಟೋಪಿ ತೆಗೆದೂ ತೆಗೆದೂ ಆ ಟೋಪಿಯ ಅಂಚು ಹರಿದು ಹೋಗಿತ್ತು. ಇಡೀ ಊರಿಗೆ ಅವರನ್ನು ಕಂಡರೆ ಪ್ರೀತಿ. ಪೂರ್ತಿ ತೂಕದ ಮಾಂಸ ಬೇಕಾದವರಿಗೆ ಮಾತ್ರ ಸ್ವಲ್ಪ ಕಡಿಮೆ.

ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ಮೊದಲ ವಾರ ಸಂತೆಕಟ್ಟೆಗೆ ಹೊಸ ತಗಡಿನ ಮಾಡು ಬಂತು. ಅದರ ಉದ್ಘಾಟನೆಗೆ ಮೇಯರ್ ದೊನ್ ಅರಿಸ್ತೀದೆಸ್ ಭಾಷಣ ಮಾಡಿದರು. ಅವರ ಹತ್ತಿರ ಇದ್ದದ್ದು ಒಂದೇ ಭಾಷಣ. ನ್ಯಾಯಾಧೀಶರೊಬ್ಬರ ಬೀಳ್ಕೊಡುಗೆಗೆ ಯಾರೋ ಬರೆದುಕೊಟ್ಟಿದ್ದ ಅದನ್ನೇ ಅವರು ಸೇತುವೆಗೂ, ಶಾಲೆಗೂ, ಒಂದು ಮದುವೆಗೂ ಓದಿದ್ದರು. ನ್ಯಾಯಾಧೀಶರ ಹೆಸರು ಬರುವ ಕಡೆ ತಲೆಯೆತ್ತಿ, ಕಣ್ಣಿಗೆ ಬಿದ್ದವರ ಹೆಸರು ಹೇಳುವುದು ರೂಢಿ. ಅಂದು ಬಿಸಿಲು ಜೋರಿತ್ತು, ಮೇಯರಿಗೆ ಕೊಡೆ ಹಿಡಿದು ನಿಂತವರು ಭಾವ.

“ಮತ್ತು ಈ ಪ್ರಾಮಾಣಿಕ, ನಿರ್ಭೀತ, ಇನ್‌ಫ್ಲೆಕ್ಸೀಬ್ಲೆ ಸೇವಕರಾದ...” ಮೇಯರ್ ತಲೆಯೆತ್ತಿದರು. “ದೊನ್ ಲಿಬಾರ್ದೊ ಮುನ್ಯೋಸ್!”

ಕೊಡೆ ಅಲುಗಿತು. ಜನ ಒಬ್ಬರ ಮುಖ ಒಬ್ಬರು ನೋಡಿದರು.

ಆ ಪದದ ಅರ್ಥ ಊರಿಗೆ ಗೊತ್ತಿರಲಿಲ್ಲ ಎಂದು ತಿಳಿಯಬೇಡಿ. ಬಾಗದವನು, ಮಣಿಯದವನು ಎಂದು ದನ ಕಾಯುವವರಿಗೂ ಗೊತ್ತು. ಆದರೆ ಅದನ್ನು ನಮ್ಮ ಭಾವನ ಬಗ್ಗೆ ಹೇಳಿದ್ದರಿಂದ, ಅದಕ್ಕೆ ನಮಗೆ ಗೊತ್ತಿಲ್ಲದ ಇನ್ನೊಂದು ಅರ್ಥ ಇದ್ದೇ ಇರಬೇಕು ಎಂದು ಎಲ್ಲರಿಗೂ ಗುಮಾನಿ ಬಂತು. ಅಂಗಡಿಗೆ ಬಂದವರೆಲ್ಲ ನನ್ನನ್ನು ಕೇಳುವವರೇ. ನನ್ನ ಅಮ್ಮ, ಅಂದರೆ ಸಂತೆಯಲ್ಲಿ ಚಂಪೂಸ್ ಎಂಬ ಜೋಳದ ಸಿಹಿ ಪಾನೀಯ ಮಾರುವ ದೋನ್ಯಾ ಪೂರಾ, ನೇರವಾಗಿ ಹೇಳಿದರು: “ಅದು ಬೈಗುಳ ಕಣೋ ಎಲಾದಿಯೊ. ಇವನನ್ನ ಯಾರಾದ್ರೂ ಹೊಗಳ್ತಾರಾ? ನಡಿ, ಪಾದ್ರಿಗಳ ಹತ್ರ ಕೇಳೋಣ. ಲ್ಯಾಟಿನ್‌ನಲ್ಲಿ ಅದು ಏನೋ ಬೇರೆ ಇರತ್ತೆ.”

ಹಾಗೆ ಅಮ್ಮ, ಭಾವ, ನಾನು ಮೂವರೂ ಪಾದ್ರೆ ಬೊಹೋರ್ಕೆಸರ ಮನೆಗೆ ಹೋದೆವು. ಅವರು ಆಗ ದುಃಖದಲ್ಲಿದ್ದರು. ಇನ್ನು ಮೇಲೆ ಪೂಜೆಯನ್ನು ಜನರ ಭಾಷೆಯಲ್ಲೇ ಮಾಡಬೇಕಂತೆ ಎಂದು ರೋಮಿನಿಂದ ಸುದ್ದಿ ಹರಡಿ, ತಮ್ಮ ಲ್ಯಾಟಿನ್ನನ್ನು ಮುಂದೆ ಯಾರ ಮೇಲೆ ಪ್ರಯೋಗಿಸುವುದೋ ತಿಳಿಯದೆ ಸೊರಗಿದ್ದರು. ಒಂದು ಪದದ ಮೂಲ ಕೇಳಲು ಮೂವರು ಬಂದಿದ್ದಾರೆಂದು ತಿಳಿದಾಗ ಅವರ ಕಣ್ಣಲ್ಲಿ ನೀರು ಬಂತು. ತಾವೇ ಎದ್ದು ಕಾಫಿ ತಂದರು.

“ಫ್ಲೆಕ್ತೆರೆ ಅಂದ್ರೆ ಬಗ್ಗಿಸೋದು” ಎಂದು ಶುರುಮಾಡಿದರು. “ಕೊಂಬೆ ಬಗ್ಗಿಸೋದು, ದಾರಿ ತಿರುಗಿಸೋದು, ಮನಸ್ಸು ಕರಗಿಸೋದು, ಎಲ್ಲಾ ಅದೇ. ಮುಂದೆ ‘ಇನ್’ ಅಂತ ಬಂತು, ಅಂದ್ರೆ ಇಲ್ಲ. ಹಿಂದೆ ‘ಬಿಲಿಸ್’ ಬಂತು, ಅಂದ್ರೆ ಆಗೋವಂಥದ್ದು. ಕೂಡಿಸು ನೋಡೋಣ. ಇನ್‌ಫ್ಲೆಕ್ಸಿಬಿಲಿಸ್! ಬಗ್ಗಿಸೋಕೆ ಆಗದೇ ಇರೋವಂಥದ್ದು!”

“ಗಟ್ಟಿ ಅಂತಾನಾ ಪಾದ್ರೆ?” ಎಂದರು ಭಾವ.

“ಗಟ್ಟಿಗೆ ದೂರುಸ್ ಅಂತ ಬೇರೆ ಇದೆಯಪ್ಪ. ಸೆಟೆದುಕೊಂಡಿದ್ದಕ್ಕೆ ರಿಜಿದುಸ್ ಅಂತ ಇದೆ, ಚಳೀಲಿ ಸತ್ತ ಕೋಳಿ ಥರ. ಇದು ಅವೆರಡೂ ಅಲ್ಲ. ಇದನ್ನ ಬಗ್ಗಿಸೋಕೆ ಯಾರೋ ಕಷ್ಟಪಟ್ಟಿರಬೇಕು, ಆಗದೆ ಸೋತಿರಬೇಕು. ಆಗ ಮಾತ್ರ ಈ ಪದ.”

“ಎಂಥದ್ದಕ್ಕೆಲ್ಲ ಹೇಳಬಹುದು?”

“ಕಬ್ಬಿಣಕ್ಕೆ. ಓಕ್ ಮರಕ್ಕೆ. ರಕ್ತಸಾಕ್ಷಿಗಳಿಗೆ. ಹೇಸರಗತ್ತೆಗೆ.”

ಭಾವನ ಕಿವಿ ಮೊದಲಿನ ಮೂರನ್ನು ಕೇಳಿಸಿಕೊಂಡು ಮುಚ್ಚಿಕೊಂಡಿತು. ಅಮ್ಮನ ಕಿವಿಗೆ ನಾಲ್ಕನೆಯದೊಂದೇ ಬಿತ್ತು. “ನಾ ಹೇಳ್ಲಿಲ್ವಾ, ಬೈಗುಳ ಅಂತ” ಎಂದು ನನ್ನನ್ನು ತಿವಿದರು.

ಪಾದ್ರಿಗಳಿಗೆ ಹುರುಪು ಏರಿತ್ತು. “ನೀನು ಚಿಕ್ಕೋನಿದ್ದಾಗ ನನ್ನ ಪೀಠಸೇವಕನಾಗಿದ್ದೆಯಲ್ಲೋ, ಈ ಧಾತು ನಿನ್ನ ಮೊಣಕಾಲಿಗೇ ಗೊತ್ತಿದೆ. ಶುಭ ಶುಕ್ರವಾರ ನಾವೇನಂತೀವಿ? ಫ್ಲೆಕ್ತಾಮುಸ್ ಜೆನುವಾ!”

ಅವರು ಮಾತು ಮುಗಿಸುವುದರೊಳಗೆ ಭಾವ ಕಾಫಿ ಬಟ್ಟಲಿನ ಸಮೇತ ನೆಲದ ಮೇಲೆ ಮೊಣಕಾಲೂರಿದ್ದರು. ನಾನೂ ಊರಿದ್ದೆ. ನಮ್ಮ ಕಾಲದಲ್ಲಿ ‘ಮೊಣಕಾಲೂರೋಣ’ ಎಂಬ ಆ ಮಾತಿಗೆ ತಡವಾಗಿ ಬಾಗಿದ ಮೊಣಕಾಲಿಗೆ ಪಾದ್ರಿಗಳ ಬೆತ್ತ ಬೀಳುತ್ತಿತ್ತು. ಹಾಗೆ ಕಲಿತದ್ದು ಮರೆತುಹೋಗುವುದಿಲ್ಲ. ಅಮ್ಮನೊಬ್ಬರು ಕುರ್ಚಿ ಬಿಟ್ಟು ಏಳಲಿಲ್ಲ. ಅವರಿಗೆ ಮಂಡಿನೋವು, ದೇವರ ಜೊತೆ ಮೊದಲೇ ಮಾತಾಡಿಕೊಂಡಿದ್ದಾರೆ.

“ಲೆವಾತೆ” ಎಂದರು ಪಾದ್ರಿಗಳು ನಗುತ್ತ. ಏಳಿ ಎಂದು. ಎದ್ದೆವು. ಆದರೆ ಎದ್ದ ಭಾವ ಬೇರೆಯೇ ಮನುಷ್ಯರಾಗಿದ್ದರು. ಮನೆಗೆ ಹೋಗುವ ದಾರಿಯಲ್ಲಿ ಎದುರಾದ ಅಂಚೆಯವನಿಗೆ ಅವರು ಟೋಪಿ ತೆಗೆಯಲಿಲ್ಲ. ಅಂಚೆಯವನು ತನ್ನಿಂದ ಏನು ತಪ್ಪಾಯಿತೋ ಎಂದು ಆ ರಾತ್ರಿ ಊಟ ಬಿಟ್ಟನಂತೆ.

ಮರುದಿನ ಸಂತೆಗೆ ಭಾವ ಗಂಜಿ ಹಾಕಿದ ಕಾಲರು ತೊಟ್ಟು ಬಂದರು. ಆ ಕಾಲರಿನಲ್ಲಿ ಕುತ್ತಿಗೆ ತಿರುಗಿಸಬೇಕಾದರೆ ಇಡೀ ಮೈ ತಿರುಗಿಸಬೇಕಿತ್ತು. ಫಿದೆಲೀನೊ ಎಂದಿನಂತೆ ನಕ್ಕ.

“ಬನ್ನಿ ದೊನ್ ಲಿಬಾರ್ದೊ. ಮಗಳಿಗೆ ಮತ್ತೆ ನೆಗಡಿ ನೋಡಿ.”

“ನೆಗಡಿ ಮಗಳಿಗೋ ತಕ್ಕಡಿಗೋ?” ಎಂದರು ಭಾವ. ಎಂದು, ಅಷ್ಟು ಜನರ ಎದುರಿಗೆ ತಕ್ಕಡಿಯನ್ನು ಕೊಕ್ಕೆಯಿಂದ ಬಿಚ್ಚಿ ಕಂಕುಳಲ್ಲಿಟ್ಟುಕೊಂಡು ಹೊರಟರು. ಫಿದೆಲೀನೊನ ಕೈಯಲ್ಲಿದ್ದ ಕರುಳು ಹಾಗೇ ನೇತಾಡುತ್ತಿತ್ತು.

ಮಧ್ಯಾಹ್ನದೊಳಗೆ ಆಲೂಗಡ್ಡೆಯವಳ ಬಟ್ಟು, ಸೀಮೆಎಣ್ಣೆಯವನ ಅಳತೆಪಾತ್ರೆ, ಬಟ್ಟೆಯವನ ಗಜದ ಕೋಲು, ಎಲ್ಲ ಪುರಸಭೆಯ ಕೊಠಡಿ ಸೇರಿದವು. ಪುಣ್ಯಕ್ಕೆ ನನ್ನ ಮಾತ್ರೆಗಳನ್ನು ಎಣಿಸಿ ಕೊಡುವುದು. ನಾನು ಬಾಗಿಲಲ್ಲಿ ನಿಂತು ಖುಷಿಯಿಂದ ನೋಡುತ್ತಿದ್ದೆ. ಆಗ ಭಾವ ಅಮ್ಮನ ಚಂಪೂಸ್ ಹಂಡೆಯ ಮುಂದೆ ನಿಂತದ್ದು ಕಂಡು ನನ್ನ ಖುಷಿ ಇಳಿಯಿತು.

ಅಮ್ಮ ಚಂಪೂಸನ್ನು ಒಂದು ತಾಮ್ರದ ಸೌಟಿನಲ್ಲಿ ಅಳೆದು ಕೊಡುತ್ತಿದ್ದರು. ಸೌಟಿನ ತಳದಲ್ಲಿ ಒಂದು ನೆಗ್ಗು ಇತ್ತು. ಅದು ಬಂದದ್ದು ನಮ್ಮಪ್ಪ ಬದುಕಿದ್ದಾಗ. ಚುನಾವಣೆಯ ವಿಷಯಕ್ಕೆ ಮನೆಯಲ್ಲಿ ಚರ್ಚೆಯಾಗಿ, ಅಮ್ಮ ತಮ್ಮ ಅಭಿಪ್ರಾಯವನ್ನು ಆ ಸೌಟಿನಿಂದ ಅಪ್ಪನ ತಲೆಯ ಮೇಲೆ ಮಂಡಿಸಿದ್ದರು. ಹಾಗೆ ನೆಗ್ಗಿದಷ್ಟು ಜಾಗದಲ್ಲಿ ಚಂಪೂಸ್ ಕಡಿಮೆ ಹಿಡಿಯುತ್ತಿತ್ತು. ಊರು ಅದನ್ನು ಅಪ್ಪನ ನೆನಪು ಎಂದು ಒಪ್ಪಿಕೊಂಡಿತ್ತು.

“ಅತ್ತೆ, ಈ ಸೌಟು ಕಾನೂನು ಪ್ರಕಾರ ಸರಿಯಿಲ್ಲ.”

“ಏನಂದೆ?”

“ನೆಗ್ಗಿದೆ. ಅಳತೆ ಕಡಿಮೆ ಬರ್ತಿದೆ. ಜಪ್ತಿ ಮಾಡ್ಬೇಕಾಗತ್ತೆ.”

“ಲಿಬಾರ್ದೊ, ನೀನು ಮದುವೆಯಾದಾಗಿಂದ ಇದೇ ಸೌಟಲ್ಲಿ ಕುಡಿದು ಬೆಳೆದಿದೀಯ. ನಿನ್ನ ಹೊಟ್ಟೆ ನೋಡ್ಕೋ, ಅಳತೆ ಕಡಿಮೆ ಆಗಿರೋ ಥರ ಕಾಣತ್ತಾ?”

ಸುತ್ತಲಿನವರು ನಕ್ಕರು. ಹಿಂದಿನ ಭಾವನಾಗಿದ್ದರೆ ತಾವೂ ನಕ್ಕು ಒಂದು ಬಟ್ಟಲು ಕುಡಿದು ಹೋಗುತ್ತಿದ್ದರು. ಈ ಭಾವ ಕಬ್ಬಿಣ, ಓಕ್ ಮರ, ರಕ್ತಸಾಕ್ಷಿ. ಅಮ್ಮನ ಕೈಯಿಂದ ಸೌಟನ್ನು ಕಿತ್ತುಕೊಂಡರು. ಅಮ್ಮ ಏನೂ ಅನ್ನಲಿಲ್ಲ. ಅಮ್ಮ ಏನೂ ಅನ್ನದಿದ್ದರೆ ನಾವು ಮನೆಯವರು ಕಿಟಕಿ ಬಾಗಿಲು ಭದ್ರಮಾಡಿಕೊಳ್ಳುತ್ತೇವೆ.

ಸಂಜೆ ಹೆಂಡದಂಗಡಿಯಲ್ಲಿ ಫಿದೆಲೀನೊ ಕಾದಿದ್ದ. ಅವನಿಗೆ ತಕ್ಕಡಿಯ ಸಿಟ್ಟಿನ ಜೊತೆಗೆ ಇನ್ನೊಂದು ಹಳೆಯ ಆಸೆಯೂ ಇತ್ತು. ಶುಭ ಶುಕ್ರವಾರ ನಮ್ಮೂರಿನ ವ್ಯಾಕುಲ ಮಾತೆಯ ಪ್ರತಿಮೆಯ ಪಲ್ಲಕ್ಕಿ ಹೊರುವವರು ಎಂಟೇ ಜನ. ಆ ಜಾಗಗಳು ತಂದೆಯಿಂದ ಮಗನಿಗೆ ಬರುತ್ತವೆ. ಮೆರವಣಿಗೆ ಮುಗಿಯುವ ಮೊದಲು ಹೆಗಲು ತೆಗೆದವನ ಜಾಗ ಅಲ್ಲಿಗೇ ಹೋಯಿತು, ಅವನಿಗೂ ಅವನ ಮಕ್ಕಳಿಗೂ. ಭಾವನದು ಮುಂದಿನ ಬಲಮೂಲೆ. ಅಲ್ಲಿ ದಂಡಿಗೆಯ ಮರದಲ್ಲಿ ಅವರಪ್ಪನ ಭುಜ ಸವೆಸಿದ ಒಂದು ಗುಳಿಯಿದೆ. ಪ್ರತಿ ವರ್ಷ ಹೆಗಲು ಕೊಡುವ ಮೊದಲು ಭಾವ ಅದನ್ನೊಮ್ಮೆ ಸವರುವುದನ್ನು, ಅವರ ಹಿಂದೆಯೇ ಹೊರುವ ನಾನು ನೋಡಿದ್ದೇನೆ. ಊರಿನಲ್ಲಿ ಅವರಿಗಿದ್ದ ಒಂದೇ ಒಂದು ದೊಡ್ಡಸ್ತಿಕೆ ಅದು. ಫಿದೆಲೀನೊನ ಕಣ್ಣು ಬಿದ್ದದ್ದೂ ಅದರ ಮೇಲೆಯೇ.

“ಏನು ಇನ್‌ಫ್ಲೆಕ್ಸೀಬ್ಲೆಯವರೇ,” ಎಂದ ಫಿದೆಲೀನೊ, “ಹೆಂಗಸರ ಸೌಟು ಕಿತ್ಕೊಂಡ್ರೆ ಶೂರರಾಗ್ಬಿಡ್ತೀರಾ? ನಿಮ್ಮ ಸೊಂಟ ನನಗೆ ಗೊತ್ತಿಲ್ವಾ? ನಾಳೆ ಯಾರಾದ್ರೂ ಕೆಮ್ಮಿದ್ರೂ ಬಗ್ತೀರಿ.”

ಭಾವ ಎದ್ದು ನಿಂತರು. ಎರಡು ಲೋಟ ಒಳಗೆ ಹೋಗಿತ್ತು.

“ಎಲ್ಲರೂ ಕೇಳಿಸ್ಕೊಳ್ಳಿ! ಇಗರ್ಜಿ ಒಳಗೆ ದೇವರ ಮುಂದೆ ಬಿಟ್ಟು, ಇನ್ನು ಈ ಊರಲ್ಲಿ ಲಿಬಾರ್ದೊ ಮುನ್ಯೋಸನ ಕುತ್ತಿಗೆ ಬಗ್ಗಲ್ಲ, ಸೊಂಟ ಬಗ್ಗಲ್ಲ, ಮೊಣಕಾಲು ಬಗ್ಗಲ್ಲ! ಬಗ್ಗಿದ್ರೆ ಇನ್‌ಸ್ಪೆಕ್ಟರ್ ಕೆಲಸ ಬಿಟ್ಟೆ!”

“ಮೊಣಕಾಲೂ ಬಗ್ಗಲ್ವಾ?” ಎಂದು ಫಿದೆಲೀನೊ ಬಹಳ ಮೃದುವಾಗಿ ಕೇಳಿದ.

“ಮೊಣಕಾಲೂ ಬಗ್ಗಲ್ಲ!”

“ಸರಿ. ಶುಭ ಶುಕ್ರವಾರ ನೋಡೋಣ.”

ನಾನು ಲೋಟ ಕೆಳಗಿಟ್ಟೆ. ಯಾಕೆಂದರೆ ನಮ್ಮ ಇಗರ್ಜಿಯ ಬಾಗಿಲಿನ ವಿಷಯ ಭಾವನಿಗೆ ಮರೆತೇಹೋಗಿತ್ತು. ಹಿಂದೊಮ್ಮೆ ಭೂಕಂಪವಾಗಿ ಆ ಬಾಗಿಲ ಕಮಾನು ಬಿರುಕು ಬಿಟ್ಟಾಗ, ಬೀಳದಿರಲೆಂದು ಅದರ ಕೆಳಗೆ ತಾತ್ಕಾಲಿಕವಾಗಿ ಒಂದು ಕಾಂಕ್ರೀಟು ತೊಲೆ ಕೂರಿಸಿದರು. ತೊಲೆಯ ಮೇಲೆ ಆಗಿನ ಮೇಯರ್, ಅಂದರೆ ಈಗಿನ ದೊನ್ ಅರಿಸ್ತೀದೆಸರ ತಂದೆ, ತಮ್ಮ ಹೆಸರು ಕೆತ್ತಿಸಿದರು. ಹೆಸರು ಕೆತ್ತಿಸಿದ ಮೇಲೆ ಅದು ತಾತ್ಕಾಲಿಕ ಹೇಗಾದೀತು? ಅಂದಿನಿಂದ ನಮ್ಮ ಮಾತೆಯ ಬೆಳ್ಳಿ ಕಿರೀಟ ಆ ತೊಲೆಗೆ ತಗಲುತ್ತದೆ. ಹಾಗಾಗಿ ಪಲ್ಲಕ್ಕಿ ಹೊರಬರುವಾಗ ಯಜಮಾನರು ಮರವನ್ನು ಒಮ್ಮೆ ತಟ್ಟುತ್ತಾರೆ; ಎಂಟೂ ಜನ ಒಟ್ಟಿಗೆ ಮೊಣಕಾಲು ಮಡಿಸಿ, ಕುಕ್ಕರಗಾಲಿನಲ್ಲಿ ತೆವಳಿಕೊಂಡು ಮಾತೆಯನ್ನು ದಾಟಿಸುತ್ತೇವೆ. ಕಿರೀಟ ತೊಲೆಯ ಕೆಳಗೆ ಬರುವ ಹೊತ್ತಿಗೆ ಮುಂದಿನ ನಾಲ್ವರು ಇಗರ್ಜಿಯ ಹೊರಗೆ, ಮೆಟ್ಟಿಲ ಮೇಲೆ, ಇಡೀ ಊರಿನ ಎದುರಿಗೆ ಇರುತ್ತಾರೆ. ಅದರಲ್ಲೂ ಬಲಮೂಲೆಯವನು ಬಾಗುವುದು ಸರಿಯಾಗಿ ಫಿದೆಲೀನೊನ ಮಾಂಸದಂಗಡಿಯ ಎದುರಿಗೆ.

ಮರುದಿನವೇ ಪಲ್ಲಕ್ಕಿಯ ಯಜಮಾನ ದೊನ್ ಸೆನೋನ್ ಬಂದರು.

“ಲಿಬಾರ್ದೊ, ಬಾಗಿಲಲ್ಲಿ ಬಗ್ತೀಯೋ ಇಲ್ವೋ?”

“ಇಗರ್ಜಿ ಒಳಗಾದ್ರೆ ಬಗ್ತೀನಿ ಯಜಮಾನ್ರೇ.”

“ನಿನ್ನ ಕಾಲು ಹೊರಗಿರತ್ತೆ.”

“ದಂಡಿಗೆ ಬಾಲ ಒಳಗಿರತ್ತಲ್ಲ?”

ಅದು ದೊನ್ ಸೆನೋನರಿಗೂ ಹೊಳೆದಿರಲಿಲ್ಲ. ಆ ದಿನದಿಂದ ಊರು ಎರಡು ಪಕ್ಷವಾಯಿತು. ಮನುಷ್ಯ ಎಲ್ಲಿದ್ದಾನೋ ಅಲ್ಲಿ ಮೊಣಕಾಲು ಎಂದು ಒಂದು ಪಕ್ಷ. ಮಾತೆ ಎಲ್ಲಿದ್ದಾಳೋ ಅಲ್ಲಿ ಇಗರ್ಜಿ ಎಂದು ಇನ್ನೊಂದು. ಕ್ಷೌರಿಕ ಅರ್ಧ ಗಡ್ಡ ಬೋಳಿಸಿ ಪಕ್ಷ ಕೇಳುತ್ತಿದ್ದ, ಉತ್ತರ ಹಿಡಿಸದಿದ್ದರೆ ಉಳಿದರ್ಧ ಹಾಗೇ ಬಿಡುತ್ತಿದ್ದ. ಹಾಗೆ ಬಂದವರಿಗೆ ನಾನು ಬ್ಲೇಡು ಮಾರಿದೆ. ಪಾದ್ರಿಗಳನ್ನು ಕೇಳಿದರೆ ಅವರು ಹೊಸ್ತಿಲಿಗೆ ಲ್ಯಾಟಿನ್‌ನಲ್ಲಿ ಏನನ್ನುತ್ತಾರೆ ಎಂದು ಒಂದು ಗಂಟೆ ವಿವರಿಸಿ, ತೀರ್ಮಾನ ಹೇಳದೆ ಕಾಫಿ ಕೊಟ್ಟರು.

ಭಾವನಿಗೆ ಆ ಹೊತ್ತಿಗೆ ಆಣೆಯ ಅಮಲು ಇಳಿದಿತ್ತು. ನನ್ನ ಅಂಗಡಿಗೆ ಬಂದು, ಗಂಜಿಯ ಕಾಲರು ಬಿಚ್ಚಿ ಕೂತರು.

“ಎಲಾದಿಯೊ, ಬಗ್ಗಿಬಿಡ್ತೀನಿ ಕಣೋ. ಅಪ್ಪನ ಜಾಗ. ಅದನ್ನ ಕಳ್ಕೊಂಡು ಬದುಕೋಕಾಗಲ್ಲ. ನಾಲ್ಕು ದಿನ ನಗ್ತಾರೆ, ನಗಲಿ. ಕೆಲಸದ ಮಾತು ಕುಡಿದು ಆಡಿದ್ದು, ಯಾರಿಗೆ ನೆನಪಿರತ್ತೆ?”

ನನಗೆ ಅವರ ಮೇಲೆ ತುಂಬ ಪ್ರೀತಿ ಬಂತು. “ಅದೇ ಸರಿ ಭಾವ” ಎಂದು ಮಂಡಿಗೆ ಹಚ್ಚಲು ಕರ್ಪೂರದ ಎಣ್ಣೆ ಕೊಟ್ಟೆ.

ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆಡಳಿತ ಎಂಬುದೊಂದಿದೆಯಲ್ಲ. ಶುಭ ಶುಕ್ರವಾರದ ಮೆರವಣಿಗೆ ನೋಡಲು ರಾಜಧಾನಿಯಿಂದ ಶಾಸಕರೊಬ್ಬರು ಬರುವವರಿದ್ದರು. ಮೇಯರ್ ಅವರಿಗೆ ಮೊದಲೇ, “ನನ್ನ ಕೈಕೆಳಗೆ ಒಬ್ಬ ಅಧಿಕಾರಿ ಇದ್ದಾನೆ, ಅತ್ತೆಯ ಸೌಟನ್ನೇ ಜಪ್ತಿ ಮಾಡಿದವನು, ಇವತ್ತಿನವರೆಗೆ ಯಾರಿಗೂ ಬಾಗಿಲ್ಲ” ಎಂದು ಕೊಚ್ಚಿಕೊಂಡಿದ್ದರು. ಅಂಥವನನ್ನು ಕಣ್ಣಾರೆ ನೋಡಬೇಕು ಎಂದು ಶಾಸಕರು ಹಠ ಹಿಡಿದಿದ್ದರು. ಬುಧವಾರ ಭಾವನಿಗೆ ಪುರಸಭೆಯಿಂದ ಕರೆ ಬಂತು.

“ಶುಕ್ರವಾರ ನನ್ನ ಕುರ್ಚಿ ಇಗರ್ಜಿ ಬಾಗಿಲಿಗೆ ನೇರ ಇರತ್ತೆ” ಎಂದರು ಮೇಯರ್. “ಪಕ್ಕದಲ್ಲಿ ಶಾಸಕರು. ಅವರ ಎದುರಿಗೆ ನೀನೇನಾದ್ರೂ ಮಂಡಿ ಮಡಿಸಿದ್ಯೋ, ಶನಿವಾರ ನೀನು ಇನ್‌ಸ್ಪೆಕ್ಟರ್ ಅಲ್ಲ.”

“ಸ್ವಾಮಿ, ಬಾಗಿಲು ತಗ್ಗು. ತೊಲೆ ಇದೆ.”

“ತೊಲೆ ನಮ್ಮಪ್ಪಂದು. ಅದಂತೂ ಮೇಲೇಳಲ್ಲ.”

“ಎಲ್ಲರೂ ಬಗ್ತಾರೆ ಸ್ವಾಮಿ...”

“ಎಲ್ಲರೂ ಇನ್‌ಫ್ಲೆಕ್ಸೀಬ್ಲೆ ಅಲ್ಲವಲ್ಲ!”

ಭಾವ ಪುರಸಭೆಯಿಂದ ನೇರ ನನ್ನ ಅಂಗಡಿಗೆ ಬಂದರು. ಬಾಗಿದರೆ ಕೆಲಸ ಹೋಗುತ್ತದೆ, ಅಕ್ಕ ಮತ್ತು ಮಕ್ಕಳು ಏನು ತಿನ್ನಬೇಕು? ಬಾಗದಿದ್ದರೆ ಕಿರೀಟ ತೊಲೆಗೆ ಸಿಕ್ಕಿ ಮಾತೆ ಮುಗ್ಗರಿಸುತ್ತಾಳೆ, ಅಪ್ಪನ ಜಾಗ ಹೋಗುತ್ತದೆ. ಒಂದು ವಿಶೇಷಣಕ್ಕೆ ಇಷ್ಟೊಂದು ಬಾಡಿಗೆ ಕೊಡಬೇಕಾಗುತ್ತದೆಂದು ಯಾರಿಗೆ ಗೊತ್ತಿತ್ತು?

“ಅತ್ತೆ ಏನಾದ್ರೂ ದಾರಿ ಹೇಳ್ತಾರಾ ಕೇಳೋ” ಎಂದರು ಮೆಲ್ಲಗೆ.

ಅಮ್ಮನನ್ನು ಕೇಳಿದೆ. ಅಮ್ಮ ಅಂದದ್ದು ಒಂದೇ ಮಾತು: “ನನ್ನ ಸೌಟು.”

ಶುಭ ಶುಕ್ರವಾರ ಮಧ್ಯಾಹ್ನದ ಪ್ರಾರ್ಥನೆಯಲ್ಲಿ ಪಾದ್ರೆ ಬೊಹೋರ್ಕೆಸ್, ಇದೇ ಕೊನೆಯ ಲ್ಯಾಟಿನ್ ಆಗಿಬಿಟ್ಟರೆ ಎಂಬ ಭಯದಲ್ಲೋ ಏನೋ, ಗಂಟಲು ಹರಿಯುವಂತೆ ಮತ್ತೆ ಮತ್ತೆ ‘ಫ್ಲೆಕ್ತಾಮುಸ್ ಜೆನುವಾ’ ಅಂದರು, ನಾವು ಮತ್ತೆ ಮತ್ತೆ ಊರಿದೆವು. ‘ಲೆವಾತೆ’ ಅಂದರು, ಎದ್ದೆವು. ಸಂಜೆ ಇಳಿಬಿಸಿಲಿಗೆ ನಾವು ಎಂಟು ಜನ ನೀಲಿ ನಿಲುವಂಗಿ ತೊಟ್ಟು ಪಲ್ಲಕ್ಕಿಗೆ ಹೆಗಲು ಕೊಟ್ಟೆವು. ಭಾವ ಗುಳಿಯನ್ನು ಸವರಿದರು.

“ಏನು ಮಾಡ್ತೀರಾ ಭಾವ?” ಎಂದು ಹಿಂದಿನಿಂದ ಕೇಳಿದೆ.

“ಗೊತ್ತಿಲ್ಲ ಕಣೋ. ದೇವರಾಣೆ ಗೊತ್ತಿಲ್ಲ.”

ಬ್ಯಾಂಡಿನವರು ಶೋಕದ ನಡೆ ಬಾರಿಸತೊಡಗಿದರು. ಬಾಗಿಲು ತೆರೆಯಿತು. ಚೌಕದ ತುಂಬ ಜನ, ಮೇಣದಬತ್ತಿ. ನೇರ ಎದುರಿಗೆ ಎರಡು ಕುರ್ಚಿ, ಮೇಯರ್ ಮತ್ತು ದಪ್ಪ ಮೀಸೆಯ ಶಾಸಕರು. ಪಕ್ಕದಲ್ಲಿ ಮಾಂಸದಂಗಡಿಯ ಮುಂದೆ ಫಿದೆಲೀನೊ. ಅವನು ಹೊದ್ದ ಪೊಂಚೊ ಕಂಬಳಿಯ ಕೆಳಗೆ ನಮ್ಮದೇ ಬಣ್ಣದ ನೀಲಿ ನಿಲುವಂಗಿಯ ಅಂಚು ಕಾಣುತ್ತಿತ್ತು. ತಯಾರಾಗಿಯೇ ಬಂದಿದ್ದ. ಅಮ್ಮ ಹಂಡೆಯಿಲ್ಲದೆ, ಬರೀ ಸ್ಟೂಲು ತಂದು ಮೆಟ್ಟಿಲ ಬದಿಯಲ್ಲಿ ಕೂತಿದ್ದರು.

ಮುಂದಿನ ನಾಲ್ವರು ಹೊರಗೆ ಬಂದೆವು. ದೊನ್ ಸೆನೋನ್ ಮರ ತಟ್ಟಿದರು. ಏಳು ಜನ ಕುಕ್ಕರಿಸಿದೆವು.

ಭಾವ ನಿಂತೇ ಇದ್ದರು.

ಪಲ್ಲಕ್ಕಿ ಹೊರದವರಿಗೆ ಒಂದು ಮಾತು ಹೇಳಬೇಕು. ಎಲ್ಲರೂ ಬಾಗಿ ಒಬ್ಬನೇ ನೆಟ್ಟಗಿದ್ದರೆ ಅವನಿಗೆ ಗೌರವ ಹೆಚ್ಚಾಗುವುದಿಲ್ಲ, ಭಾರ ಹೆಚ್ಚಾಗುತ್ತದೆ. ನನ್ನ ಹೆಗಲ ಮೇಲಿನ ದಂಡಿಗೆ ಹೂವಿನಷ್ಟು ಹಗುರಾಯಿತು. ನನ್ನ ಪಾಲು, ನನ್ನ ಹಿಂದಿನವನ ಪಾಲು, ಪಕ್ಕದವನ ಪಾಲು, ಎಲ್ಲ ಹೋಗಿ ಭಾವನ ಭುಜದ ಮೇಲೆ ಕೂತಿತ್ತು. ಅವರ ಕುತ್ತಿಗೆಯ ನರ ಹಗ್ಗದಂತೆ ಉಬ್ಬಿತು. ಮೇಲೆ ಕಿರೀಟ ತೊಲೆಗೆ ತಗಲಿ ಕಿರ್ ಎಂದಿತು. ಮಾತೆ ಒಂದು ಪಕ್ಕಕ್ಕೆ ವಾಲಿದಳು. ಚೌಕದಲ್ಲಿ ಹೆಂಗಸರು ಚೀರಿದರು.

“ನೋಡಿ, ನೋಡಿ ಶಾಸಕರೇ!” ಎಂದು ಮೇಯರ್ ಕುರ್ಚಿಯಿಂದ ಅರ್ಧ ಎದ್ದರು. “ನಾನು ಹೇಳ್ಲಿಲ್ವಾ?”

“ಬಗ್ಗೋ ಪಾಪಿ!” ಎಂದು ದೊನ್ ಸೆನೋನ್ ಹಲ್ಲು ಕಚ್ಚಿದರು. “ಕಿರೀಟ ಮುರೀತು ಅಂದ್ರೆ ನಿನ್ನ ವಂಶದವರು ಯಾರೂ ಈ ಮರ ಮುಟ್ಟಲ್ಲ!”

“ಭಾವ, ಸಾಕು, ಬಗ್ಗಿ!” ಎಂದೆ ನಾನು.

“ಬಗ್ತಿದೀನಿ ಕಣೋ,” ಎಂದರು ಭಾವ ಏದುಸಿರಿನಲ್ಲಿ, “ಆಗ್ತಿಲ್ಲ. ಮಂಡಿ ಬಿಗಿದುಕೊಂಡಿದೆ. ಎಲಾದಿಯೊ, ನಿಜವಾಗ್ಲೂ ಬಗ್ತಿಲ್ಲ!”

ಅವರು ಅಳುತ್ತಿದ್ದರು. ಇಡೀ ತಪಸ್ಸು ಕಾಲ ಕಷ್ಟಪಟ್ಟು ನಟಿಸಿದ್ದು ಈಗ ತಾನಾಗಿಯೇ ಬಂದು ಮೈ ಹಿಡಿದಿತ್ತು. ನನಗೂ ಅಳು ಬಂತು, ಕುಕ್ಕರಗಾಲಿನಲ್ಲಿ ಅಳುವುದು ಕಷ್ಟ. ಬ್ಯಾಂಡಿನವರು ದಿಕ್ಕುತೋಚದೆ ಅದೇ ನಡೆಯನ್ನು ಮತ್ತೆ ಮೊದಲಿಂದ ಬಾರಿಸಿದರು. ಫಿದೆಲೀನೊ ಪೊಂಚೊ ಕಳಚಿ ಪಕ್ಕದವನ ಕೈಗೆ ಕೊಟ್ಟು, ನೀಲಿ ನಿಲುವಂಗಿಯಲ್ಲಿ ನಮ್ಮ ಕಡೆ ಹೊರಟ. ಇನ್ನು ಐದಾರು ಹೆಜ್ಜೆ, ಅವನ ಹೆಗಲು ದಂಡಿಗೆಯ ಕೆಳಗೆ ಬಂದರೆ ಭಾವನ ಅಪ್ಪನ ಗುಳಿ ಕಟುಕನದಾಗುತ್ತಿತ್ತು.

ಆಗ ಪಲ್ಲಕ್ಕಿಯ ಹಿಂದೆ, ಇಗರ್ಜಿಯ ಕತ್ತಲಿನಿಂದ, ಎಂಬತ್ತು ವರ್ಷದ ಗಂಟಲೊಂದು ಗುಡುಗಿತು.

“ಫ್ಲೆಕ್ತಾಮುಸ್ ಜೆನುವಾ!”

ಬೆತ್ತ ತಿಂದ ಮೊಣಕಾಲುಗಳು ಯೋಚನೆ ಮಾಡುವುದಿಲ್ಲ. ಇಡೀ ಚೌಕ ಧಡ್ ಎಂದು ಊರಿತು. ಮೇಯರ್ ಊರಿದರು, ಶಾಸಕರು ಊರಿದರು, ಫಿದೆಲೀನೊ ಎತ್ತಿದ ಹೆಜ್ಜೆಯಲ್ಲೇ ಕುಸಿದು ಊರಿದ, ಡೋಲಿನವನು ಡೋಲಿನ ಮೇಲೆಯೇ ಊರಿದ. ಎಲ್ಲರ ತಲೆ ಬಗ್ಗಿತು, ಕಣ್ಣು ಮುಚ್ಚಿತು. ಭಾವನ ಮಂಡಿಗಳು, ಯಜಮಾನರ ಶಾಪಕ್ಕೂ ನನ್ನ ಕರ್ಪೂರದ ಎಣ್ಣೆಗೂ ಜಗ್ಗದಿದ್ದವು, ಬೆಣ್ಣೆಯಂತೆ ಮಡಿಸಿಕೊಂಡವು. ಪಲ್ಲಕ್ಕಿ ಇಳಿಯಿತು, ಕಿರೀಟ ತೊಲೆಯಿಂದ ಬಿಡಿಸಿಕೊಂಡಿತು. “ನಡೀರಿ, ನಡೀರಿ!” ಎಂದು ದೊನ್ ಸೆನೋನ್ ಪಿಸುಗುಟ್ಟಿದರು. ಎಂಟೂ ಜನ ಬಾತುಕೋಳಿಗಳ ಹಾಗೆ ತೆವಳಿ, ಬಗ್ಗಿದ ಅಷ್ಟು ತಲೆಗಳ ಎದುರಿಗೆ ಮಾತೆಯನ್ನು ಹೊರಗೆ ತಂದೆವು.

“ಲೆವಾತೆ!”

ಎದ್ದೆವು. ಚೌಕ ತಲೆಯೆತ್ತಿದಾಗ ಮಾತೆ ಮೆಟ್ಟಿಲ ಮೇಲೆ ಸಂಜೆಯ ಬೆಳಕಿನಲ್ಲಿ ನೆಟ್ಟಗೆ ನಿಂತಿದ್ದಳು, ಮುಂದಿನ ಬಲಮೂಲೆಯಲ್ಲಿ ನಮ್ಮ ಭಾವ ಅವಳಿಗಿಂತ ನೆಟ್ಟಗೆ. ಫಿದೆಲೀನೊ ನೀಲಿ ನಿಲುವಂಗಿಯಲ್ಲಿ ಇನ್ನೂ ಮಂಡಿಯ ಮೇಲೇ ಇದ್ದ. ಭಾವನಿಗೇ ಅಡ್ಡಬಿದ್ದಂತೆ ಕಾಣುತ್ತಿತ್ತು.

“ಬಗ್ಗಿದನಾ?” ಎಂದು ಶಾಸಕರು ಕೇಳಿದ್ದು ನಮಗೂ ಕೇಳಿಸಿತು.

“ನೀವು ನೋಡಿದ್ರಾ ಬಗ್ಗಿದ್ದು?” ಎಂದರು ಮೇಯರ್.

“ಇಲ್ಲ. ನಾನು ಪ್ರಾರ್ಥನೆಯಲ್ಲಿದ್ದೆ.”

“ನಾನೂ. ಅಂದ್ಮೇಲೆ ಬಗ್ಗಿಲ್ಲ. ಇಬ್ಬರು ಸಾಕ್ಷಿ ಇದ್ದೀವಲ್ಲ.”

ಹೀಗೆ ಕೆಲಸವೂ ಉಳಿಯಿತು, ಅಪ್ಪನ ಜಾಗವೂ ಉಳಿಯಿತು. ಮೆರವಣಿಗೆ ಮುಗಿದ ಮೇಲೆ ಭಾವ ಹೋಗಿ ಪಾದ್ರಿಗಳ ಕೈಗೆ ಮುತ್ತಿಟ್ಟರು. ಪಾದ್ರಿಗಳು, “ನೋಡಿದ್ಯಾ, ಸತ್ತ ಭಾಷೆ ಅಂತಾರೆ” ಎಂದಷ್ಟೇ ಹೇಳಿ ಮೂಗು ಒರೆಸಿಕೊಂಡರು.

ಈಸ್ಟರ್ ಭಾನುವಾರ ಪೂಜೆ ಮುಗಿದು ಜನ ಚೌಕಕ್ಕೆ ಬಂದಾಗ ಅಮ್ಮ ಹಂಡೆ ಇಟ್ಟುಕೊಂಡು ಕೂತಿದ್ದರು, ಕೈಯಲ್ಲಿ ಸೌಟಿರಲಿಲ್ಲ. ಮೇಯರ್ ಮತ್ತು ಶಾಸಕರು ಬೆಂಚಿನ ಮೇಲೆ ಬಟ್ಟಲು ಹಿಡಿದು ಕಾಯುತ್ತಿದ್ದರು. ಭಾವ ಗಂಜಿಯ ಕಾಲರಿನಲ್ಲಿ ಬಂದು, ಕಾಗದದಲ್ಲಿ ಸುತ್ತಿದ್ದ ಸೌಟನ್ನು ಬಿಚ್ಚಿ ಅಮ್ಮನಿಗೆ ಕೊಟ್ಟರು. ಕಂಚುಗಾರನಿಂದ ನೆಗ್ಗು ತೆಗೆಸಿದ್ದರು. ತಾಮ್ರ ಥಳಥಳ ಹೊಳೆಯುತ್ತಿತ್ತು.

“ತಗೊಳ್ಳಿ ಅತ್ತೆ. ಈಗ ಕಾನೂನು ಪ್ರಕಾರ ಸರಿಯಿದೆ.”

ಅಮ್ಮ ಒಂದು ಸೌಟು ತೆಗೆದು ಬಟ್ಟಲಿಗೆ ಹಾಕಿದರು. ಬಟ್ಟಲು ತುಂಬಿ ಚೆಲ್ಲಿತು.

“ಜಾಸ್ತಿ ಹೋಗ್ತಿದೆ” ಎಂದರು.

“ಅದೇ ಸರಿಯಾದ ಅಳತೆ.”

ಅಮ್ಮ ಸೌಟನ್ನು ತಿರುಗಿಸಿ ನೋಡಿದರು. ಆಮೇಲೆ ದನಿ ತಗ್ಗಿಸಿ ಹೇಳಿದರು: “ಶುಕ್ರವಾರ ಪಾದ್ರಿಗಳು ಕೂಗಿದಾಗ ಎಲ್ಲರೂ ತಲೆ ಬಗ್ಗಿಸಿದ್ರು ಲಿಬಾರ್ದೊ. ನನಗೆ ಮಂಡಿನೋವು ನೋಡು. ನಾನು ಸ್ಟೂಲ್ ಮೇಲೇ ಕೂತಿದ್ದೆ. ಕಣ್ಣು ಬಿಟ್ಕೊಂಡು.”

ಭಾವ ಬೆಂಚಿನ ಕಡೆ ನೋಡಿದರು. ಮೇಯರ್ ಅವರಿಗೆ ಕೈಬೀಸಿದರು.

“ಅತ್ತೆ, ಏನು ಮಾಡ್ಲಿ ಹೇಳಿ.”

“ಸ್ವಲ್ಪ ಬಗ್ಗು.”

“ಇಲ್ಲೇನಾ? ಎಲ್ಲರ ಎದುರಿಗಾ?”

“ಬಗ್ಗು.”

ಭಾವ ಎರಡೂ ಕಡೆ ನೋಡಿ, ಬೂಟಿನ ದಾರ ಕಟ್ಟಿಕೊಳ್ಳುವವರಂತೆ ಬಗ್ಗಿದರು. ಠಣ್ ಎಂಬ ಸದ್ದು ಚೌಕದ ಆ ತುದಿಯವರೆಗೂ ಕೇಳಿಸಿತು. ಗಂಟೆಯೇನೋ ಅಂದುಕೊಂಡು ಕೆಲವರು ಶಿಲುಬೆಯ ಗುರುತು ಮಾಡಿಕೊಂಡರು.

ಅಮ್ಮ ಸೌಟನ್ನು ಬೆಳಕಿಗೆ ಹಿಡಿದರು. ನೆಗ್ಗು ಸರಿಯಾಗಿ ಹಳೆಯ ಜಾಗದಲ್ಲೇ ಬಿದ್ದಿತ್ತು. ಹಂಡೆಗೆ ಅದ್ದಿ ಒಂದು ಬಟ್ಟಲು ತುಂಬಿಸಿದರು. ಒಂದು ಹನಿಯೂ ಚೆಲ್ಲಲಿಲ್ಲ.

“ಈಗ ಹೇಗಿದೆ ಇನ್‌ಸ್ಪೆಕ್ಟರೇ?”

ಭಾವ ಒಂದು ಕೈಯಲ್ಲಿ ನೆತ್ತಿ ಉಜ್ಜಿಕೊಳ್ಳುತ್ತ, ಇನ್ನೊಂದು ಕೈಯಲ್ಲಿ ಬಟ್ಟಲು ತೆಗೆದುಕೊಂಡು, ಮೇಯರಿಗೂ ಶಾಸಕರಿಗೂ ಕೇಳಿಸುವಂತೆ ಗಟ್ಟಿಯಾಗಿ ಹೇಳಿದರು:

“ಅಳತೆ ಸರಿಯಾಗಿದೆ.”